ಕಚೇರಿ ಮೇಲ್‌ನ ಕೊನೆಯ ಸಾಲು

ಅಧ್ಯಕ್ಷ ಸ್ಥಾನದಲ್ಲಿರುವ ಜಂಬಣ್ಣನವರೇ, ಹಡಗಲಿ, ಕೂಡ್ಲಿಗಿಗಳಿಂದ ಬಸ್ಸು ಹಿಡಿದು ಬಂದ ಅತಿಥಿಗಳೇ, ಇಂದು ನಿವೃತ್ತರಾಗುತ್ತಿರುವ ದಾಕ್ಷಾಯಣಮ್ಮನವರೇ, ಊಟದ ವಾಸನೆ ಬಂದರೂ ಕದಲದೆ ಕೂತಿರುವ ಸಭಿಕರೇ,

ಹಗರಿಬೊಮ್ಮನಹಳ್ಳಿಯ ನಮ್ಮ ಕಚೇರಿಯಲ್ಲಿ ಎಲ್ಲವೂ ಕಾಗದದ ಮೇಲೆ ನಡೆಯುತ್ತಿದ್ದ ಕಾಲದಲ್ಲಿ ಪತ್ರ ವ್ಯವಹಾರ ನೋಡಿಕೊಳ್ಳುವ ದಾಕ್ಷಾಯಣಮ್ಮನವರು ಪ್ರತಿ ಹಾಳೆಯ ನೆತ್ತಿಗೆ ಸಣ್ಣದೊಂದು ‘ಶ್ರೀ’ ಬರೆಯುತ್ತಿದ್ದರು. ಯಾರು ಗಮನಿಸುತ್ತಿದ್ದರು? ಆಮೇಲೆ ಕಂಪ್ಯೂಟರ್ ಬಂತು. ಆ ‘ಶ್ರೀ’ ನೆತ್ತಿಯಿಂದ ಇಳಿದು, ಬೆಳೆದು, ಕಚೇರಿ ಮೇಲ್‌ಗಳ ಕೊನೆಯ ಸಾಲಾಯಿತು: ‘ಉಜ್ಜಿನಿ ಮರುಳಸಿದ್ಧ ನಿಮ್ಮನ್ನು ಕಾಯಲಿ.’ ಗುತ್ತಿಗೆದಾರರಿಗೆ ಕಟುವಾದ ನೋಟಿಸು ಹೋದರೂ ಕೊನೆಗೆ ಅದೇ ಸಾಲು. ನಾವೆಲ್ಲ ನಗುತ್ತಿದ್ದೆವು. ಅಂಥ ನಗು ಈಗ ಕಚೇರಿಯಲ್ಲಿ ಕೇಳುವುದಿಲ್ಲ.

ಹೋದ ವರ್ಷ ಕುರಿ ಸಾಕುವ ಮೈಲಪ್ಪನವರು ಫೋನು ಹಿಡಿದು ನನ್ನ ಮೇಜಿನ ಮುಂದೆ ನಿಂತರು. “ಶೆಡ್ಡಿನ ಅರ್ಜಿ ವಜಾ ಮಾಡಿದ್ದು ನೀವು. ಕಾಯಾಂವ ಮರುಳಸಿದ್ಧ ಅಂತ ಬರದೀರಿ. ನಾವು ಮೈಲಾರಲಿಂಗನ ಒಕ್ಕಲ್ರಿ ಸಾರ್. ಅಪೀಲಿಗೆ ಯಾರ ಹತ್ರ ಹೋಗ್ಬೇಕು?”

ನಗುವ ಮಾತೇ. ಅವರು ನಗಲಿಲ್ಲ. ದೇವರು ಬೇರೆಯೆಂದು ಅರ್ಜಿ ವಜಾ ಆಯಿತೇ ಎಂಬ ಅನುಮಾನ ಅವರ ಮುಖದಲ್ಲಿತ್ತು. ಸರ್ಕಾರದ ಮೇಲ್‌ನಲ್ಲಿ ಯಾವ ದೇವರೂ ಬೇಡ ಎಂದು ನಾನು ಆದೇಶ ಮಾಡಿದೆ. ಅದು ಸರಿ, ಇಂದಿಗೂ ಸರಿ. “ಆತ್ರಿ ಸಾರ್,” ಎಂದರು ದಾಕ್ಷಾಯಣಮ್ಮನವರು. “ಬೆರಳು ತಾನೇ ಹೋಗಿ ಬಡೀತೈತಿ. ಇನ್ನ ಅದನ್ನ ಕಟ್ಟಿ ಹಾಕ್ತೀನಿ.”

ದೇವರಲ್ಲಿ ನನ್ನ ನಂಬಿಕೆ ಅಷ್ಟಕ್ಕಷ್ಟೆ. ಆದರೂ ಒಂದು ಸಂಗತಿ. ನನ್ನ ಹೆಂಡತಿ ಭಾಗ್ಯಳ ಮೊದಲ ಆಪರೇಷನ್ನಿನ ದಿನ, ನನ್ನ ರಜೆ ಮಂಜೂರಾಯಿತೆಂದು ದಾಕ್ಷಾಯಣಮ್ಮನವರು ಕಳಿಸಿದ ಮೇಲ್ ಅನ್ನು ದಾವಣಗೆರೆಯ ಆಸ್ಪತ್ರೆಯ ಬೆಂಚಿನಲ್ಲಿ ಕೂತು ಓದಿದ್ದೆ. ಕೊನೆಯಲ್ಲಿ ಆ ಸಾಲಿತ್ತು. ಎರಡನೆಯ ಆಪರೇಷನ್ನಿನ ಹೊತ್ತಿಗೆ ನನ್ನ ಆದೇಶ ಜಾರಿಯಲ್ಲಿತ್ತು. ‘ರಜೆ ಮಂಜೂರಾಗಿದೆ.’ ಅಷ್ಟೆ. ಪರದೆಯನ್ನು ಮತ್ತೂ ಕೆಳಕ್ಕೆ ಸರಿಸಿದೆ. ಕೆಳಗೆ ಕಚೇರಿಯ ವಿಳಾಸವಿತ್ತು.

ಇವತ್ತು ಬೆಳಿಗ್ಗೆ ದಾಕ್ಷಾಯಣಮ್ಮನವರು ನನ್ನನ್ನು ಕೇಳಿದರು. “ಎಲ್ಲಾರ್ಗೂ ಕಡೀ ಮೇಲ್ ಕಳಸದೈತ್ರಿ ಸಾರ್. ಆ ಒಂದು ಸಾಲು ಹಾಕ್ಲೇನು?” ಸಭೆಯಲ್ಲಿ ಹೇಳುತ್ತೇನೆ ಎಂದೆ.

ಈಗ ಹೇಳುತ್ತೇನೆ. ಬೇಡ, ದಾಕ್ಷಾಯಣಮ್ಮನವರೇ. ಕಚೇರಿ ಮೈಲಪ್ಪನವರದೂ ಹೌದು.

ಆದರೆ ನಾಳೆಯಿಂದ ನೀವು ಸರ್ಕಾರದವರಲ್ಲ. ಸೋಮವಾರ ಭಾಗ್ಯಳಿಗೆ ಮತ್ತೊಂದು ಆಪರೇಷನ್ ಇದೆ. ನನ್ನ ಸ್ವಂತ ಫೋನಿನ ನಂಬರು ನಿಮ್ಮ ಹತ್ತಿರ ಇದೆ.

ಇಷ್ಟು ಹೊತ್ತು ಕೇಳಿಸಿಕೊಂಡ ನಿಮ್ಮೆಲ್ಲರಿಗೂ ಋಣಿ. ನಮಸ್ಕಾರ.