ಘಂಟೆಯ ಒಳದನಿ

ಇಲ್ಲ ಬೀರಪ್ಪಣ್ಣ, ಘಂಟೆ ದನಿ ಇದಲ್ಲ ಅಂತ ನಂಗೂ ಗೊತ್ತುಂಟು... ಎಂತಕ್ಕೆ ನಗೂದು ನೀನು? ಹಾರ್ಮೋನಿಯಂ ಇದ್ದಾಂಗೆ ಕೇಳ್ತದಾ? ಕೇಳ್ತದೆ. ಅದಕ್ಕೇ ನಿನ್ನ ತದಡಿಯಿಂದ ಕರ್ಸಿದ್ದು. ಹದ್ನೆಂಟು ವರ್ಷ ದೇವಸ್ಥಾನದ ಘಂಟೆ ಹೊಡೆದ ಕೈ ನಿಂದು. ‘ಘಂಟೆ ಅಂತೂ ಹೋತು, ಅದೇ ದನಿ ಕಂಪ್ಯೂಟರಲ್ಲಿ ಮಾಡ್ಕೊಡು ನರೇಶ, ಮೈಕಲ್ಲಿ ಬಿಡುವಾ’ ಅಂದ್ರು ಕಮಿಟಿಯವರು. ಆತು ಅಂದೆ. ಮತ್ತೆಂತ ಹೇಳೂದು?

ಕೂತ್ಕ. ಚಾ ತಣೀತದೆ, ಕುಡಿ.

ನೋಡು, ಒಂದು ದನಿ ಅಂದ್ರೆ ಒಂದೇ ಅಲ್ಲ. ಒಳಗೆ ಹತ್ತಾರು ಸಣ್ಣ ದನಿ. ಕೆಳಗಿಂದು ಸೆಕೆಂಡಿಗೆ ಇನ್ನೂರು ಸಲ ನಡುಗಿದ್ರೆ ಅದರ ಮೇಲೆ ನಾನ್ನೂರು, ಆರ್ನೂರು, ಎಂಟ್ನೂರು... ಹೀಂಗೆ ಸರೀ ಕೂತ್ರೆ ಹಾರ್ಮೋನಿಯಂ. ಘಂಟೆಲಿ ಹಾಂಗೆ ಕೂರೂದಿಲ್ಲ. ನಾನ್ನೂರನ್ನ ಚೂರು ಮೇಲೆ ಎಳೀಬೇಕು, ಆರ್ನೂರನ್ನ ಮತ್ತೂ ಎಳೀಬೇಕು... ಈಗ ಕೇಳು. ಹಾಂ! ತಲೆ ಎತ್ತಿದ್ಯಲ್ಲ! ಕಂಚು ಬಂತಲ್ಲ!

ಅಳ್ಬೇಡ ಮಾರಾಯ. ನಂಗಂತೂ ಈಗ ಅಳೂಕೂ ಬರೂದಿಲ್ಲ. ಘಂಟೆ ಹೋಗಿ ಎರಡು ತಿಂಗಳಾತು... ಉಣ್ಣೂದು, ಮಲಗೂದು, ಇದನ್ನ ಎಳೆಯೂದು.

ನಿನ್ನ ಕೆಲ್ಸ ಬಿಡ್ಸಿದ್ದು ತಪ್ಪೇ. ಆ ದಿನ ಬೆಳಿಗ್ಗೆ ಭಟ್ರು ಘಂಟೆ ಒರೆಸೂಕೆ ಹೋದ್ರು, ಬಿರುಕು ಕಂಡ್ರು. ಬೀರಪ್ಪನೇ ಕುಡ್ದು ಹೊಡ್ದದ್ದು ಅಂದ್ರು. ಬಿರುಕು ಬಿಟ್ಟ ಘಂಟೆ ಬಾರ್ಸೂಕಾಗ ಅಂತ ಒಂದೇಟೂ ಹೊಡೀದೆ ಬಟ್ಟೆ ಸುತ್ತಿ ಹೊಳೆಗೆ ಬಿಟ್ರು. ನಾ ಹಿಂದಿನ ದಿನ ಹೊನ್ನಾವರದಲ್ಲಿ... ಹೇಳಿದ್ನಲ್ಲ? ಹಾಂ, ಹೊನ್ನಾವರದಲ್ಲೇ.

ಇನ್ನೊಂದು ಕೇಳು... ಅಯ್ಯೋ, ಅದಲ್ಲ, ಅದಲ್ಲ! ತಪ್ಪಿ ಒತ್ತಿದೆ. ಅದು ಸುಮ್ನೆ ಮಾಡಿದ್ದು. ಎರಡು ದನಿ ತೀರಾ ಹತ್ರ ಇಟ್ರೆ ಹಾಂಗೆ ನಡುಗ್ತದೆ, ಕಡೀಗೆ ಜರ್ ಅಂತದೆ. ಒಡೆದ ಮೇಲೆ ನಮ್ಮ ಘಂಟೆ ಹಾಂಗೇ, ಥೇಟ್ ಹಾಂಗೇ...

ಎಂತ? ಎಂತಕ್ಕೆ ಹಾಂಗೆ ನೋಡೂದು? ಚಾ ಯಾಕೆ ಕೆಳಗಿಟ್ಟೆ? ಅಣ್ಣ, ಬೈಯೂದಾದ್ರೆ ಬೈ...

ಹೌದು. ಒಡೆದ ಮೇಲೆ ಅದನ್ನ ಯಾರೂ ಬಾರ್ಸ್ಲಿಲ್ಲ. ನೀನೂ ಆ ದನಿ ಕೇಳಿಲ್ಲ.

ಹೊನ್ನಾವರ ಸುಳ್ಳು. ಹಿಂದಿನ ದಿನ ರಾತ್ರಿ, ಪೂಜೆ ಮುಗ್ದು ಬಾಗಿಲು ಹಾಕಿದ್ ಹೊತ್ತು. ತೊಲೆಗೆ ಸ್ಪೀಕರ್ ಕಟ್ಟೂಕೆ ಏಣಿ ಹತ್ತಿದ್ದೆ. ಕೈ ಜಾರ್ತು... ಕಬ್ಬಿಣದ ಸ್ಟ್ಯಾಂಡು ಘಂಟೆ ಮೇಲೇ ಬಿತ್ತು. ಮರುದಿನ ಭಟ್ರು ನಿನ್ನ ಹೆಸ್ರು ಹೇಳುವಾಗ ನಾ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ, ಬಾಯಿ ಮುಚ್ಕಂಡು.

ಸ್ಟ್ಯಾಂಡು ಬಿದ್ದಾಗ ಎಂತದೂ ಆಗಿರೂದಿಲ್ಲ ಅಂದ್ಕಂಡೆ. ನೋಡುವಾ ಅಂತ ಮೆಲ್ಲಗೆ... ಒಂದೇ ಒಂದು ಸಲ ಬಾರ್ಸಿದೆ ಅಣ್ಣ.