ಕುಟ್ಟಿ ಕೊಡದ ಅಡಿಕೆ

ಆಟಿ ತಿಂಗಳ ಮಳೆ. ಉದ್ಯಾವರದ ಹೊಳೆಬದಿಯ ಆ ಮನೆಯಲ್ಲಿ ಸಂಜೆಗೇ ಕರೆಂಟು ಹೋಗಿತ್ತು. ನೆರೆಮನೆಯ ಜೆರ್ಟ್ರೂಡ್ ಬಾಯಿ ಕೊಡೆ ಮಡಚಿ ಒಳಗೆ ಬಂದರು. ಸರಸಜ್ಜಿಯ ಮೊಮ್ಮಕ್ಕಳಾದ ಧೃತಿ, ಲಕ್ಷಿತ್ ಚಾಪೆ ಹಾಸಿದರು. ಅಜ್ಜಿ ದೇವರ ದೀಪಕ್ಕೆ ಕೈಮುಗಿದು, ಎಲೆಗೆ ಸುಣ್ಣ ಸವರುತ್ತ ಕುಳಿತರು.

"ಅಜ್ಜಿ, ದೆವ್ವದ ಕತೆ ಹೇಳಿ. ಹೆದರಿಕೆ ಆಗಬೇಕು, ಆಯ್ತಾ?" ಎಂದಳು ಧೃತಿ.

"ದೆವ್ವ ಅನ್ನಬೇಡ ಮಗಾ... ನಿನ್ನ ಅಜ್ಜನ ಕತೆ ಇದು. ನಲ್ವತ್ತು ವರ್ಷ ಮೀನಿನ ಬೋಟಿಗೆ ಹೋದವರು, ಊಟ ಬಿಟ್ಟಾರು, ಎಲೆಯಡಿಕೆ ಬಿಡುವವರಲ್ಲ."

"ನನ್ನ ಮದುವೆ ಫೋಟೊದಲ್ಲೂ ವಾಸಣ್ಣ ಕೆನ್ನೆ ಉಬ್ಬಿಸಿಯೇ ನಿಂತದ್ದು!" ಎಂದು ಜೆರ್ಟ್ರೂಡ್ ಬಾಯಿ ನಕ್ಕರು.

"ಹೌದು ಮಾರಾಯ್ತಿ. ಹಲ್ಲೆಲ್ಲ ಉದುರಿದ ಮೇಲೆ ನಾನೇ ಸಣ್ಣ ಕಲ್ಲಿನಲ್ಲಿ ಕುಟ್ಟಿ ಕೊಡುತ್ತಿದ್ದೆ. ಆಸ್ಪತ್ರೆಯಲ್ಲಿ ಕೊನೆಯ ದಿನ, 'ಸರಸ, ಒಂದೇ ಒಂದು ಎಲೆ' ಅಂದರು. ಡಾಕ್ಟರು ಬೈತಾರೆ, ನಾಳೆ ಕೊಡ್ತೇನೆ ಅಂದೆ... ಆ ನಾಳೆ ಬರಲೇ ಇಲ್ಲ.

ಹೋದ ವರ್ಷ ಆಟಿ ಅಮಾವಾಸ್ಯೆಗೆ ಅವರಿಗೆ ಬಡಿಸಿದೆವು. ಅನ್ನ, ಮೀನು, ಎಲೆಯಡಿಕೆ ಎಲ್ಲ ಇಟ್ಟು, ಬಾಗಿಲು ಮುಚ್ಚಿ, ಹೊರಗೆ ನಿಲ್ಲುವುದು ನಮ್ಮ ಕ್ರಮ ಅಲ್ವಾ? ಬಡಿಸಿದ್ದು ನಿಮ್ಮ ಚಿಕ್ಕಮ್ಮ ಮೋಕ್ಷಾ. ಹೊಸಬಳು, ಪಾಪ... ಇಡೀ ಅಡಿಕೆ ಇಟ್ಟಿದ್ದಾಳೆ! ಬಾಗಿಲು ಮುಚ್ಚಿದ ಮೇಲೆ ಹೇಳಿದಳು. ಹಲ್ಲಿಲ್ಲದ ಜನ ಎಂತ ಮಾಡಬೇಕು? ಈ ಸಲವೂ ಆಸೆಯಲ್ಲೇ ಹಿಂದೆ ಹೋಗಬೇಕಾ?

ಆಗ ಒಳಗಿನಿಂದ ಕೇಳಿತು... ಟಕ್... ಟಕ್... ಮೂಲೆಯಲ್ಲಿದ್ದ ಕಲ್ಲಿನ ಸದ್ದು. ಅಭ್ಯಾಸ ಇಲ್ಲದ ಕೈ, ತಪ್ಪಿ ತಪ್ಪಿ ಕುಟ್ಟುತ್ತಿತ್ತು. ನಾನು ಇರುವಾಗ ಒಂದು ದಿನವೂ ತಾವಾಗಿ ಕುಟ್ಟಿಕೊಂಡವರಲ್ಲ, ಗೊತ್ತುಂಟಾ? ನನ್ನಿಂದ ತಡೆಯಲಾಗಲಿಲ್ಲ. ದೇವರು ಕ್ಷಮಿಸಲಿ, ಬಾಗಿಲು ತೆರೆದೆ.

ಯಾರೂ ಇಲ್ಲ. ಕಲ್ಲಿನಲ್ಲಿ ಅರ್ಧ ಜಜ್ಜಿದ ಅಡಿಕೆ. ಅಲ್ಲೇ ಕುಳಿತು ಎಲೆ, ಸುಣ್ಣ ಸೇರಿಸಿ ನುಣ್ಣಗೆ ಕುಟ್ಟಿದೆ, ಕಣ್ಣು ಮುಚ್ಚಿ ಅಂಗೈ ಚಾಚಿದೆ... ತಣ್ಣಗಿನ ಎರಡು ಬೆರಳು ಬಂದು ಮೆಲ್ಲಗೆ ಎತ್ತಿಕೊಂಡವು."

ಜೆರ್ಟ್ರೂಡ್ ಬಾಯಿ ಶಿಲುಬೆಯ ಗುರುತು ಮಾಡಿಕೊಂಡರು.

"ಮತ್ತೆ ಅಜ್ಜ ಹೋದರಾ?" ಧೃತಿಯ ಸ್ವರ ಸಣ್ಣದಾಗಿತ್ತು.

"ನಡುವೆ ಬಾಗಿಲು ತೆರೆದರೆ ಬಂದವರಿಗೆ ಹಿಂದೆ ಹೋಗಲಿಕ್ಕೆ ದಾರಿ ಇಲ್ಲ ಮಗಾ. ಅದು ಗೊತ್ತಿದ್ದೇ ತೆರೆದದ್ದು ನಾನು..." ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಲಕ್ಷಿತ್, ಸ್ವಲ್ಪ ಈಚೆ ಸರಿದು ಕೂತುಕೋ. ಅವರಿಗೆ ಕಾಲು ನೀಡಲಿಕ್ಕೆ ಜಾಗ ಸಾಲುವುದಿಲ್ಲ."