ಮೊದಲನೇ ಸಹಿ

ಕುಡಿಯುವ ನೀರಿನ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಹೆಂಗಸರು ಖಾಲಿ ಕ್ಯಾನು ಹಿಡಿದು ನಿಂತಿದ್ದರು. ಒಬ್ಬಳು ದರ್ಜಿ, ಅಳತೆಯ ಟೇಪು ಇನ್ನೂ ಕುತ್ತಿಗೆಯಲ್ಲೇ ಇತ್ತು. ಇನ್ನೊಬ್ಬಳು ಅವಳ ಅತ್ತಿಗೆ. ಮೊದಲು ಮಾತು ತೆಗೆದವಳು ಅತ್ತಿಗೆ.

“ಬಾವಿ ನೀರು ಕೆಡಿಸ್ತಿದೆ ಅಂತ ಬಣ್ಣದ ಕಾರ್ಖಾನೆ ಮೇಲೆ ಅರ್ಜಿ ಕೊಟ್ಟೆಯಲ್ಲ, ಏನಾಯ್ತೇ?”

“ಸಹಿ ಹಾಕಿದವರಿಗೆಲ್ಲ ಅರ್ಜಿ ಕೊಟ್ಟ ಆಫೀಸಿಂದ ಫೋನ್ ಮಾಡ್ತಿದಾರೆ, ಅತ್ತಿಗೆ. ಸಹಿ ನಿಮ್ಮದೇನಾ ಅಂತ ಕೇಳ್ತಾರೆ.”

“ನಂಗೂ ಬಂದಿತ್ತು.”

“ಏನಂದ್ರಿ?”

“ನಂದಲ್ಲ ಅಂದೆ. ನಿಮ್ಮಣ್ಣ ಅಲ್ಲೇ ಕೆಲಸಕ್ಕೆ ಹೋಗ್ತಾರಲ್ಲ. ಬೇಜಾರಾಯ್ತಾ?”

“ಇಲ್ಲ. ಎಲ್ಲರೂ ಹಾಗೇ ಅಂದಿದಾರೆ. ಮೇಷ್ಟ್ರಂತೂ ರಾಂಗ್ ನಂಬರ್ ಅಂದ್ಬಿಟ್ರಂತೆ.”

“ಪಾಪ, ಮನೆಮನೆ ಸುತ್ತಿ ಚಪ್ಪಲಿ ಸವೆಸಿದೆ. ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು.”

“ಹೂಂ. ಬಾವಿ ನೀರು ಇವತ್ತೂ ನೀಲಿ.”

“ನಿಂಗೆ ಫೋನ್ ಬಂತಾ?”

“ನಿನ್ನೆ ಬಂತು. ಮೊದಲನೇ ಸಹಿ ನಂದೇ ಅಲ್ವಾ.”

“ಏನಂದೆ?”

ಅಷ್ಟರಲ್ಲಿ ಸರದಿ ಬಂದು ನಲ್ಲಿಯ ಕೆಳಗಿಟ್ಟಿದ್ದ ದರ್ಜಿಯ ಕ್ಯಾನು ತುಂಬಿತು. ದರ್ಜಿ ನಲ್ಲಿ ನಿಲ್ಲಿಸಿ ಮುಚ್ಚಳ ಬಿಗಿದಳು.

“ನಂದಲ್ಲ ಅಂದೆ. ನಂದು ಅಂದಿದ್ರೆ, ಉಳಿದ ಇನ್ನೂರು ಸಹೀನೂ ನಾನೇ ಗೀಚಿದೆ ಅಂತಿದ್ರು.”

“ಒಳ್ಳೇದು ಮಾಡಿದೆ.”

ಅತ್ತಿಗೆಯ ಕ್ಯಾನೂ ತುಂಬಿತು. ಇಬ್ಬರೂ ಸೊಂಟಕ್ಕೆ ಏರಿಸಿಕೊಂಡು ಹೋದರು.